ಭಟ್ಟರ ಚೀಟಿ, ಅಜ್ಜಿಯ ಡಬ್ಬಿ

ಮದುವೆ ಗೊತ್ತಾದ ಮನೆಗೆ ಅಡುಗೆ ಭಟ್ಟರು ಬರುತ್ತಾರೆ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ‘ಎಷ್ಟು ಎಲೆ?’ ಎಂದು ಕೇಳುತ್ತಾರೆ. ಐನೂರು ಎಂದರೆ ಸಾಕು, ಚೀಟಿ ಬರೆಸತೊಡಗುತ್ತಾರೆ. ಅಕ್ಕಿ ಇಷ್ಟು, ತೊಗರಿಬೇಳೆ ಇಷ್ಟು, ಬೆಲ್ಲ, ಕಾಯಿ, ಬಾಳೆಎಲೆ, ಒಲೆಗೆ ಇಷ್ಟು ಸಿಲಿಂಡರು. ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಎಷ್ಟು ಜನ ಬೇಕು, ನಸುಕಿನಲ್ಲಿ ಯಾವ ಕೊಪ್ಪರಿಗೆ ಮೊದಲು ಒಲೆಯೇರಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಮದುವೆಗೆ ಇನ್ನೂ ತಿಂಗಳಿದೆ. ಊಟ ಮಾತ್ರ ಕಾಗದದ ಮೇಲೆ ಆಗಲೇ ಮುಗಿದಿದೆ.

ಅದೇ ಮನೆಯಲ್ಲಿ ಇನ್ನೊಂದು ದಿನ. ಊಟವಾಗಿ, ಪಾತ್ರೆ ತೊಳೆದಿಟ್ಟ ಹೊತ್ತಿಗೆ ನಾಲ್ವರು ನೆಂಟರು ಬಸ್ಸಿಳಿದು ಬರುತ್ತಾರೆ. ಅಜ್ಜಿ ಚೀಟಿ ಬರೆಯುವುದಿಲ್ಲ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾಳೆ. ಒಂದಿಷ್ಟು ಅವಲಕ್ಕಿ ಇದೆ, ಹಿತ್ತಲಲ್ಲಿ ಎರಡು ಎಳೆ ಸೌತೆಕಾಯಿ ಇವೆ, ಮೊಸರು ಉಳಿದಿದೆ. ಅರ್ಧ ಗಂಟೆಯಲ್ಲಿ ಎಲೆ ಬೀಳುತ್ತದೆ. ‘ಏನಜ್ಜಿ ಅಡುಗೆ?’ ಎಂದರೆ ‘ಇದ್ದದ್ದರಲ್ಲಿ ಏನೋ’ ಎಂಬ ಉತ್ತರ.

ಹೊಸದೊಂದು ಪದಾರ್ಥ ತಯಾರಿಸಿ ಮಾರಲು ಹೊರಟವರು ಮೊದಲ ದಿನವೇ ಈ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾರೆ. ಸಾಲ ಕೇಳಲು ಹೋದರೆ ಬ್ಯಾಂಕಿನವರಿಗೆ ಭಟ್ಟರ ಚೀಟಿಯೇ ಬೇಕು: ಐದು ವರ್ಷದ ಲೆಕ್ಕ, ತಿಂಗಳು ತಿಂಗಳಿನ ಮಾರಾಟ, ಲಾಭ. ಸ್ಟಾರ್ಟಪ್ ಶಿಬಿರಕ್ಕೆ ಹೋದರೆ ಚೀಟಿ ಹರಿದುಹಾಕಿ ಡಬ್ಬಿ ತೆರೆಯಿರಿ ಎನ್ನುತ್ತಾರೆ. ಎರಡೂ ಕಡೆ ಗೆದ್ದವರ ಕತೆಗಳಿವೆ. ಯಾವಾಗ ಯಾವುದು ಎಂದು ಆರಿಸುವುದಕ್ಕೆ ಕತೆಗಳಾಚೆ ಏನಾದರೂ ಆಧಾರವಿದೆಯೇ?

ಕಾಲವನ್ನು ಅಳೆಯುವ ಚೀಟಿಗಳು

ಭಟ್ಟರ ಚೀಟಿಗೆ ಕಾರ್ಖಾನೆಯ ರೂಪ ಕೊಟ್ಟವರಲ್ಲಿ ಹೆಚ್ಚು ಹೆಸರಾದವರು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್. ಯಾವ ಕೆಲಸ ಯಾವ ದಿನ ಶುರು, ಯಾವ ದಿನ ಮುಗಿತಾಯ ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವ ಅವರ ನಕ್ಷೆ 1910ರ ದಶಕದ್ದು. ಇಂದಿಗೂ ಅದು ಕಚೇರಿಗಳ ಗೋಡೆಯ ಮೇಲಿದೆ. 1957ರ ಹೊತ್ತಿಗೆ ಡ್ಯುಪಾಂಟ್ ಕಂಪನಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನೂರಾರು ಕೆಲಸಗಳಲ್ಲಿ ಯಾವ ಸರಪಳಿ ಒಂದು ದಿನ ತಡವಾದರೂ ಇಡೀ ಯೋಜನೆ ಒಂದು ದಿನ ತಡವಾಗುತ್ತದೋ ಅದನ್ನು ಲೆಕ್ಕ ಹಾಕಿ ಹುಡುಕುವ ವಿಧಾನ ಅದು. ‘ಕ್ರಿಟಿಕಲ್ ಪಾತ್’ ಎಂದು ಅದಕ್ಕೆ ಹೆಸರು. ಭಟ್ಟರಿಗೆ ಇದು ಹೊಸತೇನಲ್ಲ. ಹೋಳಿಗೆಗೆ ಬೇಳೆ ಬೇಯಬೇಕು, ಹೂರಣ ರುಬ್ಬಬೇಕು, ಆರಬೇಕು, ಆಮೇಲೆ ತಟ್ಟಬೇಕು. ಈ ಸಾಲಿನಲ್ಲಿ ಯಾವುದು ತಡವಾದರೂ ಪಂಕ್ತಿ ಕಾಯಬೇಕಾಗುತ್ತದೆ. ಕೋಸಂಬರಿ ಕೊನೆಯ ಗಳಿಗೆಯಲ್ಲಾದರೂ ನಡೆಯುತ್ತದೆ.

ಅದೇ ವೇಳೆಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ತಯಾರಿಕೆಗೆ ಇಳಿಯಿತು. ಜಲಾಂತರ್ಗಾಮಿಯಿಂದ ಹಾರುವ ಇಂಥ ಕ್ಷಿಪಣಿಯನ್ನು ಅವರು ಹಿಂದೆ ಮಾಡಿರಲಿಲ್ಲ. ಒಂದೊಂದು ಭಾಗಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಯಾರಿಗೂ ಖಚಿತವಿರಲಿಲ್ಲ. ಅದಕ್ಕಾಗಿ ಬಂದದ್ದು ‘ಪರ್ಟ್’. ಪ್ರತಿ ಕೆಲಸಕ್ಕೂ ಮೂರು ಅಂದಾಜು ಕೇಳು: ಎಲ್ಲ ಸಲೀಸಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಡವಟ್ಟಾದರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸು. 2 ವಾರ, 4 ವಾರ, 12 ವಾರ ಎಂಬ ಉತ್ತರ ಬಂದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು 5 ವಾರ. ಬಾಯಿಗೆ ಮೊದಲು ಬರುವ 4ಕ್ಕಿಂತ ಒಂದು ವಾರ ಹೆಚ್ಚು, ಏಕೆಂದರೆ ಕೆಲಸಗಳು ಬೇಗ ಮುಗಿಯುವುದಕ್ಕೆ ಮಿತಿಯಿದೆ, ತಡವಾಗುವುದಕ್ಕೆ ಮಿತಿಯಿಲ್ಲ.

ಆ ಎಚ್ಚರ ಎಷ್ಟು ಬೇಕೆಂದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಎಂಬ ಮನೋವಿಜ್ಞಾನಿಗಳು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಕೆಡುಕನ್ನು ಊಹಿಸಿಕೊಳ್ಳುವಾಗಲೂ ಮನಸ್ಸು ಕಡಿಮೆಯನ್ನೇ ಊಹಿಸಿತ್ತು. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ದೌರ್ಬಲ್ಯವನ್ನು ಗುರುತಿಸಿ ‘ಯೋಜನಾ ಭ್ರಮೆ’ ಎಂಬರ್ಥದ ಹೆಸರಿಟ್ಟಿದ್ದರು. ಮದ್ದನ್ನೂ ಹೇಳಿದ್ದರು: ನಿನ್ನ ಕೆಲಸದ ಒಳಗೆ ಕೂತು ದಿನ ಎಣಿಸಬೇಡ, ಇಂಥದ್ದೇ ಕೆಲಸ ಮಾಡಿದವರಿಗೆ ಎಷ್ಟು ದಿನ ಹಿಡಿಯಿತೆಂದು ವಿಚಾರಿಸು.

ಭಟ್ಟರ ಚೀಟಿ ಸುಳ್ಳಾಗದಿರುವುದು ಇದರಿಂದಲೇ. ಅವರ ಬೆನ್ನಿಗೆ ನೂರಾರು ಮದುವೆಗಳಿವೆ. ಇನ್ನೊಂದು ಕಾರಣವೂ ಇದೆ, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬಂದವರು ಊಟಕ್ಕೆ ಕೂರುತ್ತಾರೆ ಎಂಬ ಬಗ್ಗೆ ಭಟ್ಟರಿಗೆ ಅನುಮಾನವಿಲ್ಲ. ಪೊಲಾರಿಸ್‌ಗೂ ಹಾಗೆಯೇ. ಕ್ಷಿಪಣಿ ತಯಾರಾಗುವ ಮೊದಲೇ ಅದರ ಗಿರಾಕಿ ನೌಕಾಪಡೆ ಎದುರಿಗೆ ನಿಂತಿತ್ತು. ಗ್ಯಾಂಟ್ ನಕ್ಷೆಯಿರಲಿ, ಪರ್ಟ್ ಇರಲಿ, ‘ಯಾವಾಗ ಮುಗಿಯುತ್ತದೆ’ ಎಂಬುದಕ್ಕೆ ಉತ್ತರ ಹೇಳುತ್ತವೆ. ‘ಮುಗಿದದ್ದು ಯಾರಿಗಾದರೂ ಬೇಕೇ’ ಎಂದು ಕೇಳುವುದು ಅವುಗಳ ಕೆಲಸವೇ ಅಲ್ಲ.

66 ಉಪಗ್ರಹ, ಒಂದು ಮರದ ತುಂಡು

ಆ ಪ್ರಶ್ನೆ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇರಿಡಿಯಮ್ ಕತೆಗಿಂತ ದುಬಾರಿ ಪಾಠ ಸಿಗುವುದು ಕಷ್ಟ. ಭೂಮಿಯ ಯಾವ ಮೂಲೆಯಿಂದಲಾದರೂ ಮಾತಾಡಬಹುದಾದ ಫೋನು: ಮೊಟೊರೊಲಾ ಎಂಜಿನಿಯರುಗಳು 1980ರ ದಶಕದ ಕೊನೆಯಲ್ಲಿ ಕಂಡ ಕನಸು ಇದು. ಮೊದಲ ಲೆಕ್ಕದಲ್ಲಿ 77 ಉಪಗ್ರಹ ಬೇಕಿತ್ತು. ಇರಿಡಿಯಮ್ ಧಾತುವಿನ ಪರಮಾಣು ಸಂಖ್ಯೆ 77, ಅದರಿಂದ ಬಂದ ಹೆಸರು. ಆಮೇಲೆ 66 ಸಾಕೆಂದು ಲೆಕ್ಕ ಬದಲಾಯಿತು, ಹೆಸರು ಬದಲಾಗಲಿಲ್ಲ.

ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಅದ್ಭುತ. ಸುಮಾರು ಒಂದು ವರ್ಷದಲ್ಲಿ ಉಪಗ್ರಹಗಳೆಲ್ಲ ಕಕ್ಷೆ ಸೇರಿದವು. 1998ರ ನವೆಂಬರ್ 1ರಂದು ಸೇವೆ ಶುರುವಾಯಿತು. 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 500 ಕೋಟಿ ಡಾಲರ್ ಸುರಿದ ಆ ವ್ಯವಸ್ಥೆಯನ್ನು ಮುಂದಿನ ವರ್ಷದ ಕೊನೆಗೆ ಹೊಸಬರು ಕೊಂಡದ್ದು ಬರೀ 2.5 ಕೋಟಿ ಡಾಲರಿಗೆ. ಫೋನು ಇಟ್ಟಿಗೆಯಷ್ಟು ದಪ್ಪ, ಬೆಲೆ ಸುಮಾರು 3,000 ಡಾಲರ್, ಕಟ್ಟಡದೊಳಗೆ ಹೋದರೆ ಕೆಲಸ ಮಾಡುತ್ತಿರಲಿಲ್ಲ. ಕನಸು ಕಂಡ ಕಾಲಕ್ಕೂ ಸೇವೆ ಶುರುವಾದ ಕಾಲಕ್ಕೂ ನಡುವೆ ಹತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಅವರು ನೆಚ್ಚಿಕೊಂಡಿದ್ದ ಶ್ರೀಮಂತ ಪ್ರಯಾಣಿಕರ ಜೇಬಿಗೆ ಸಣ್ಣ ಮೊಬೈಲು ಬಂದಿತ್ತು.

ಇಂಥ ವ್ಯವಸ್ಥೆಯನ್ನು ಸ್ವಲ್ಪ ಸ್ವಲ್ಪವೇ ಕಟ್ಟಿ ನೋಡಲು ಬರುವುದಿಲ್ಲ, ನಿಜ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹಗಳು ಓಡುತ್ತಲೇ ಇರುವುದರಿಂದ, ಎಲ್ಲವೂ ಮೇಲೇರುವ ತನಕ ಗಿರಾಕಿಗೆ ಬಿಡುವಿಲ್ಲದ ಸೇವೆ ಸಿಗದು. ಆದರೆ ಗೊತ್ತಿಲ್ಲದೆ ಇದ್ದದ್ದು ಉಪಗ್ರಹದ ಸಂಗತಿ ಅಲ್ಲವೇ ಅಲ್ಲ. ಇಷ್ಟು ದಪ್ಪದ ಫೋನನ್ನು ಇಷ್ಟು ಹಣ ಕೊಟ್ಟು ಯಾರು ಹೊರುತ್ತಾರೆ ಎಂಬುದು ಗೊತ್ತಿರಲಿಲ್ಲ. ಅದನ್ನು ತಿಳಿಯಲು ರಾಕೆಟ್ ಬೇಕಿಲ್ಲ.

1990ರ ದಶಕದಲ್ಲೇ ಜೆಫ್ ಹಾಕಿನ್ಸ್ ಎಂಬವರು ಅಂಗೈ ಅಗಲದ ಕಂಪ್ಯೂಟರಿನ ಯೋಚನೆಯಲ್ಲಿದ್ದರು. ಸರ್ಕ್ಯೂಟು ಬರೆಯುವ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ ಭೇಟಿಯ ಸಮಯ ಕೇಳಿದರೆ ತುಂಡನ್ನು ತೆಗೆದು, ಕಡ್ಡಿಯಿಂದ ಅದರ ಮೇಲೆ ಬರೆದಂತೆ ನಟಿಸುತ್ತಿದ್ದರು. ಇದನ್ನು ನಾನು ದಿನವೂ ಹೊರುತ್ತೇನೆಯೇ, ಯಾವುದಕ್ಕೆಲ್ಲ ಹೊರತೆಗೆಯುತ್ತೇನೆ ಎಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು. 1996ರಲ್ಲಿ ಬಂದ ಪಾಮ್ ಪೈಲಟ್ ಭರ್ಜರಿಯಾಗಿ ಮಾರಾಟವಾಯಿತು.

ನಮ್ಮ ಬೆಂಗಳೂರಿನ ಸಿಂಪ್ಯೂಟರ್ ಕೂಡ ನೆನಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಕೈಗಂಪ್ಯೂಟರನ್ನು ರೂಪಿಸಿ 2001ರಲ್ಲಿ ತೋರಿಸಿದರು. 2004ರಲ್ಲಿ ಅದು ಮಾರುಕಟ್ಟೆಗೆ ಬಂತು. ಅಲುಗಾಡಿಸಿದರೆ ಗುರುತಿಸುವ ಸಂವೇದಕ ಅದರಲ್ಲಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಆದರೂ ಮಾರಾಟವಾದದ್ದು ಕೆಲವೇ ಸಾವಿರ. ಹಳ್ಳಿಯ ಕೈಗಳು ಆರಿಸಿಕೊಂಡದ್ದು ಮೊಬೈಲನ್ನು.

ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಎರಡು ಬಗೆಯ ಗೊತ್ತಿಲ್ಲದಿರುವಿಕೆಯನ್ನು ಬೇರ್ಪಡಿಸಿದರು. ದಾಳ ಎಸೆದಾಗ ಏನು ಬೀಳುತ್ತದೋ ಗೊತ್ತಿಲ್ಲ, ಆದರೆ ಆರು ಮುಖಗಳಿವೆ ಎಂದು ಗೊತ್ತು. ಅದು ‘ಅಪಾಯ’. ದಾಳಕ್ಕೆ ಎಷ್ಟು ಮುಖ ಎಂದೇ ತಿಳಿಯದಿದ್ದರೆ ಅದು ‘ಅನಿಶ್ಚಿತತೆ’. ಮೊದಲನೆಯದಕ್ಕೆ ಸರಾಸರಿ ಹಾಕಬಹುದು, ವಿಮೆ ಮಾಡಿಸಬಹುದು. ಎರಡನೆಯದಕ್ಕೆ ಪರ್ಟ್ ಸೂತ್ರ ಹಚ್ಚಿದರೆ ಉತ್ತರ ಬರುತ್ತದೆ, ಆ ಉತ್ತರಕ್ಕೆ ಅರ್ಥ ಮಾತ್ರ ಇರುವುದಿಲ್ಲ.

ಲಾಭದಿಂದ ಹಿಂದಕ್ಕೆ ನಡೆಯುವ ಲೆಕ್ಕ

ಚೀಟಿಯನ್ನೂ ಬಿಡದೆ, ಗೊತ್ತಿಲ್ಲದ್ದನ್ನೂ ಮುಚ್ಚಿಡದೆ ಸಾಗುವ ಹಾದಿಯೊಂದನ್ನು 1995ರಲ್ಲಿ ನಿರ್ವಹಣಾ ತಜ್ಞರಾದ ರೀಟಾ ಮೆಗ್ರಾತ್ ಮತ್ತು ಇಯಾನ್ ಮ್ಯಾಕ್‌ಮಿಲನ್ ತೋರಿಸಿದರು. ಸಾಮಾನ್ಯವಾಗಿ ಎಷ್ಟು ಮಾರುತ್ತೇವೆ ಎಂದು ಊಹಿಸಿ ಲಾಭ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಅವರು ಉಲ್ಟಾ ಹಿಡಿದರು. ಎಷ್ಟು ಲಾಭ ಬಂದರೆ ಈ ಕೆಲಸಕ್ಕೆ ಕೈಹಾಕುವುದು ಸಾರ್ಥಕ ಎಂದು ಮೊದಲು ಬರೆಯಿರಿ. ಅಲ್ಲಿಂದ ಹಿಂದಕ್ಕೆ ನಡೆಯುತ್ತ, ಅದು ನಿಜವಾಗಬೇಕಾದರೆ ಏನೇನು ನಿಜವಾಗಿರಬೇಕು ಎಂದು ಪಟ್ಟಿ ಮಾಡಿ.

ಊಹೆಯ ಉದಾಹರಣೆಯೊಂದನ್ನು ನೋಡೋಣ. ತುಮಕೂರಿನಲ್ಲಿ ಒಬ್ಬಾಕೆ ಸಿರಿಧಾನ್ಯದ ದೋಸೆಹಿಟ್ಟು ಮಾರಬೇಕೆಂದಿದ್ದಾರೆ. ತಿಂಗಳಿಗೆ 50,000 ರೂಪಾಯಿ ಉಳಿಯದಿದ್ದರೆ ಈಗಿನ ನೌಕರಿ ಬಿಡುವ ಹಾಗಿಲ್ಲ. ಪ್ಯಾಕೆಟ್ಟಿಗೆ 10 ರೂಪಾಯಿ ಉಳಿದರೆ ತಿಂಗಳಿಗೆ 5,000 ಪ್ಯಾಕೆಟ್ ಹೋಗಬೇಕು, ದಿನಕ್ಕೆ ಸುಮಾರು 167. ಒಂದು ಅಂಗಡಿಯಲ್ಲಿ ದಿನಕ್ಕೆ 8 ಹೋದರೆ 21 ಅಂಗಡಿ ಬೇಕು. ಮಾರಾಟವಾಗದ ಹಿಟ್ಟು ಹುಳಿಯಾಗಿ ವಾಪಸು ಬರುತ್ತದೆ. ಹತ್ತರಲ್ಲಿ ಎರಡು ವಾಪಸು ಬಂದರೆ 10 ರೂಪಾಯಿಯ ಲಾಭ ಉಳಿಯುತ್ತದೆಯೇ? ಅಕ್ಕಿಹಿಟ್ಟಿನ ದೋಸೆಗೆ ಒಗ್ಗಿದ ಮನೆ ಎರಡನೇ ಸಲವೂ ಸಿರಿಧಾನ್ಯ ಕೊಳ್ಳುತ್ತದೆಯೇ?

ಈಗ ಕಾಗದದ ಮೇಲೆ ಲೆಕ್ಕಕ್ಕಿಂತ ಊಹೆಗಳ ಸಾಲು ಎದ್ದು ಕಾಣುತ್ತದೆ. ಸುಳ್ಳಾದರೆ ಇಡೀ ವ್ಯವಹಾರ ಮಗುಚುವ ಊಹೆ ಯಾವುದು, ಅದನ್ನು ಅತಿ ಅಗ್ಗವಾಗಿ ಪರೀಕ್ಷಿಸುವುದು ಹೇಗೆ ಎಂದು ಹುಡುಕಬೇಕು. ಇಲ್ಲಿ ಅದು ಗ್ರೈಂಡರಿನ ಬೆಲೆಯಲ್ಲ, ಎರಡನೇ ಖರೀದಿ. ಮನೆಯ ಗ್ರೈಂಡರಿನಲ್ಲೇ ರುಬ್ಬಿ ಮೂರು ಅಂಗಡಿಗೆ ಮೂರು ವಾರ ಹಾಕಿ ನೋಡಿದರೆ ತಿಳಿಯುತ್ತದೆ. ದೊಡ್ಡ ಗ್ರೈಂಡರಿಗೆ ಸಾಲದ ಅರ್ಜಿ ಅದಾದ ಮೇಲೆ.

ಐಡಿ ಫ್ರೆಶ್ ಫುಡ್ 2005ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಹೀಗೆಯೇ. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಪುಟ್ಟ ಅಡುಗೆಕೋಣೆಯಲ್ಲಿ ಹಿಟ್ಟು ರುಬ್ಬಿ ಸುಮಾರು 20 ಅಂಗಡಿಗಳಿಗೆ ಹಾಕುತ್ತಿದ್ದರು. ದಿನಕ್ಕೆ 100 ಪ್ಯಾಕೆಟ್ ಮುಟ್ಟಿದ ಮೇಲೆ ಹೆಚ್ಚು ಬಂಡವಾಳ ಎಂಬುದು ಅವರು ತಮಗೇ ಹಾಕಿಕೊಂಡ ಗೆರೆ. ಆ ಗೆರೆ ಮುಟ್ಟಲು ತಿಂಗಳುಗಳೇ ಹಿಡಿದವು. ಅಷ್ಟು ದಿನ ದೊಡ್ಡ ಹಣ ಸುಮ್ಮನೆ ಕಾದಿತ್ತು.

ಡಬ್ಬಿ ತೆರೆದು ನೋಡುವವರು

ಅಜ್ಜಿಯ ವಿಧಾನವನ್ನು ಅಧ್ಯಯನಕ್ಕೆ ತಂದವರು ಭಾರತ ಮೂಲದ ಸರಸ್ ಸರಸ್ವತಿ. ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಶಿಷ್ಯೆ. ಅನುಭವಿ ಉದ್ಯಮಿಗಳು 27 ಮಂದಿಯನ್ನು ಕಂಡು, ಕಲ್ಪಿತ ಉತ್ಪನ್ನವೊಂದರ ಕಡತ ಅವರ ಕೈಗಿತ್ತು, ತೀರ್ಮಾನ ತೆಗೆದುಕೊಳ್ಳುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದರು. ಬಹುತೇಕರು ಮಾರುಕಟ್ಟೆ ಸಮೀಕ್ಷೆಯಿಂದ ಆರಂಭಿಸಲೇ ಇಲ್ಲ. ನಾನು ಯಾರು, ನನಗೆ ಏನು ಗೊತ್ತು, ನನಗೆ ಯಾರು ಗೊತ್ತು ಎಂಬಲ್ಲಿಂದ ಹೊರಟರು. ಎಷ್ಟು ಗಳಿಸಬಹುದು ಎನ್ನುವುದಕ್ಕಿಂತ ಎಷ್ಟು ಕಳಕೊಂಡರೆ ತಡೆದುಕೊಂಡೇನು ಎಂದು ಲೆಕ್ಕ ಹಾಕಿದರು. 2001ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸರಸ್ವತಿಯವರು ಕೊಟ್ಟ ಹೋಲಿಕೆಯೂ ಅಡುಗೆಯದೇ: ಮೊದಲೇ ಗೊತ್ತುಮಾಡಿದ ಊಟಕ್ಕೆ ಸಾಮಾನು ತರುವ ಬಾಣಸಿಗ, ಮತ್ತು ಇದ್ದ ಸಾಮಾನಿನಲ್ಲಿ ಏನಾದೀತು ಎಂದು ನೋಡುವ ಬಾಣಸಿಗ.

ಬೆಂಗಳೂರಿನ ಎಂಟಿಆರ್ ಈ ಎರಡನೇ ಬಾಣಸಿಗನ ಹಾದಿಯಲ್ಲಿ ಎರಡು ಸಲ ನಡೆದಿದೆ. 1924ರಲ್ಲಿ ಶುರುವಾದ ಹೋಟೆಲಿಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಯಿತು. ಇಡ್ಲಿಗೆ ಅಕ್ಕಿಯ ಬದಲು ರವೆ ಹಾಕಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಅವರ ಮಾತು. 1970ರ ದಶಕದ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ದರಕ್ಕೆ ಸರ್ಕಾರ ಕಡಿವಾಣ ಹಾಕಿತು. ಆ ದರಕ್ಕೆ ಆ ರುಚಿ ಕೊಡಲಾಗದೆ ಹೋಟೆಲು ಮುಚ್ಚಬೇಕಾಯಿತು. ಕೈಯಲ್ಲಿ ಉಳಿದದ್ದು ಅಡುಗೆಯವರು, ಮಸಾಲೆಯ ಹದ, ಒಳ್ಳೆಯ ಹೆಸರು. ಅವುಗಳಿಂದಲೇ ದಿಢೀರ್ ಮಿಶ್ರಣದ ಪೊಟ್ಟಣಗಳು ಹುಟ್ಟಿದವು. 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿ ಕೊಂಡದ್ದು ಆ ಪೊಟ್ಟಣಗಳ ವ್ಯವಹಾರವನ್ನು.

ಒಂದು ಎಚ್ಚರ ಇಲ್ಲಿ ಬೇಕು. ಸರಸ್ವತಿಯವರು ಮಾತಾಡಿಸಿದ್ದು ಗೆದ್ದವರನ್ನು. ಡಬ್ಬಿ ತೆರೆದು ನೋಡಿಯೂ ಸೋತವರು ಆ 27ರಲ್ಲಿ ಇಲ್ಲ. ಗೆದ್ದವರು ಹೇಗೆ ಯೋಚಿಸುತ್ತಾರೆ ಎಂದು ಅವರ ಅಧ್ಯಯನ ಹೇಳುತ್ತದೆ. ಹಾಗೆ ಯೋಚಿಸಿದವರೆಲ್ಲ ಗೆಲ್ಲುತ್ತಾರೆಯೇ ಎಂದು ತಿಳಿಯಲು ಬೇರೆ ತಕ್ಕಡಿ ಬೇಕು.

ತಕ್ಕಡಿಯಲ್ಲಿಟ್ಟು ನೋಡಿದಾಗ

ಸ್ವೀಡನ್ನಿನಲ್ಲಿ ಫ್ರೆಡರಿಕ್ ಡೆಲ್ಮಾರ್ ಮತ್ತು ಸ್ಕಾಟ್ ಶೇನ್ 223 ಹೊಸ ಉದ್ಯಮಗಳ ಬೆನ್ನುಹತ್ತಿದರು. 2003ರಲ್ಲಿ ಬಂದ ಅವರ ವರದಿಯ ಪ್ರಕಾರ, ಯೋಜನೆ ಬರೆದವರು ನಡುವೆ ಕೈಬಿಡುವುದು ಕಡಿಮೆ, ಅವರ ಉತ್ಪನ್ನ ಬೇಗ ಸಿದ್ಧವಾಗುತ್ತದೆ. ಮರುವರ್ಷವೇ ಬೆನ್ಸನ್ ಹೋನಿಗ್ ಮತ್ತು ತೋಮಸ್ ಕಾರ್ಲ್ಸನ್, ಅದೇ ಸ್ವೀಡನ್ನಿನ 396 ಹೊಸ ಉದ್ಯಮಗಳನ್ನು ಎರಡು ವರ್ಷ ಗಮನಿಸಿ, ಯೋಜನೆ ಬರೆದವರಿಗೆ ಹೆಚ್ಚು ಲಾಭವೇನೂ ಬರಲಿಲ್ಲ ಎಂದರು. ಹಲವರು ಯೋಜನೆ ಬರೆದದ್ದು ಹಣ ಕೊಡುವವರು ಕೇಳಿದ್ದಕ್ಕೆ, ಬೇರೆಯವರೂ ಬರೆಯುತ್ತಾರೆ ಎನ್ನುವುದಕ್ಕೆ. ಎರಡನ್ನೂ ಜೊತೆಗಿಟ್ಟು ಓದಿದರೆ ಹೊಳೆಯುವುದಿಷ್ಟು: ಕೆಲಸಕ್ಕೆ ಸಾಲುಗಟ್ಟಲು ಚೀಟಿ ನೆರವಾಗುತ್ತದೆ, ಆ ಕೆಲಸ ಸರಿಯಾದದ್ದೇ ಎಂದು ಚೀಟಿ ಹೇಳಲಾರದು.

ಇನ್ನೂ ಸೂಕ್ಷ್ಮವಾದ ಪ್ರಯೋಗ ಇಟಲಿಯದು. ಅರ್ನಾಲ್ಡೊ ಕಮುಫೊ, ಅಲ್ಫೊನ್ಸೊ ಗಂಬಾರ್ಡೆಲ್ಲ ಮತ್ತು ಸಂಗಡಿಗರು 116 ಸ್ಟಾರ್ಟಪ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು, ಹೊಸ ಔಷಧವನ್ನು ಪರೀಕ್ಷಿಸುವ ಕ್ರಮದಲ್ಲಿ. ಎರಡೂ ಗುಂಪಿಗೆ ಹತ್ತು ಹತ್ತು ತರಗತಿ. ಗಿರಾಕಿಯ ಅಭಿಪ್ರಾಯ ಪಡೆಯುವುದು ಹೇಗೆ, ಕಲ್ಪನೆ ನಡೆದೀತೇ ಎಂದು ಅಂದಾಜಿಸುವುದು ಹೇಗೆ ಎಂಬ ಪಾಠ ಇಬ್ಬರಿಗೂ ಆಯಿತು. ಒಂದು ಗುಂಪಿಗೆ ಮಾತ್ರ ವಿಜ್ಞಾನಿಯ ಶಿಸ್ತನ್ನು ಕೂಡಿಸಿ ಕೊಟ್ಟರು: ಇದು ಹೀಗಾಗುತ್ತದೆ, ಏಕೆಂದರೆ ಹೀಗೆ ಎಂದು ಮೊದಲೇ ಹೇಳಬೇಕು, ಆ ಊಹೆಯನ್ನು ಬಿಗಿಯಾಗಿ ಪರೀಕ್ಷಿಸಬೇಕು. ಸುಮಾರು ಒಂದು ವರ್ಷದ ನಂತರ ನೋಡಿದರೆ ಆ ಗುಂಪಿನವರ ಗಳಿಕೆ ಚೆನ್ನಾಗಿತ್ತು. ತಮ್ಮ ಕಲ್ಪನೆಯನ್ನು ಬದಲಿಸಿ ಬೇರೆ ದಾರಿ ಹಿಡಿದವರೂ ಆ ಗುಂಪಿನಲ್ಲೇ ಹೆಚ್ಚು. 2020ರಲ್ಲಿ ಇದು ಪ್ರಕಟವಾಯಿತು.

ಗಿರಾಕಿಯ ಮಾತು ಎರಡೂ ಗುಂಪಿಗೆ ಸಿಕ್ಕಿತ್ತು ಎಂಬುದನ್ನು ಗಮನಿಸಿ. ಎರಿಕ್ ರೀಸ್ 2011ರಲ್ಲಿ ಜನಪ್ರಿಯಗೊಳಿಸಿದ ‘ಲೀನ್ ಸ್ಟಾರ್ಟಪ್’ ಇರಲಿ, 2001ರಲ್ಲಿ ಹದಿನೇಳು ತಂತ್ರಾಂಶ ತಜ್ಞರು ಸಹಿ ಹಾಕಿದ ‘ಅಜೈಲ್’ ಘೋಷಣೆಯಿರಲಿ, ಸಣ್ಣದಾಗಿ ಮಾಡಿ ತೋರಿಸಿ ತಿದ್ದಿಕೊ ಎನ್ನುತ್ತವೆ. ಆದರೆ ಎಷ್ಟು ಬಂದರೆ ಹೌದು, ಎಷ್ಟಕ್ಕಿಂತ ಕಡಿಮೆಯಾದರೆ ಅಲ್ಲ ಎಂದು ಮೊದಲೇ ಬರೆದಿಡದಿದ್ದರೆ, ಬಂದ ಯಾವ ಉತ್ತರವನ್ನೂ ನಾವು ನಮಗೆ ಬೇಕಾದ ಹಾಗೆ ಓದಿಕೊಳ್ಳುತ್ತೇವೆ. ನೆಂಟರು ದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಎಂದದ್ದೂ ಮಾರುಕಟ್ಟೆ ಸಮೀಕ್ಷೆಯಾಗಿಬಿಡುತ್ತದೆ. ದೋಸೆಹಿಟ್ಟಿನಾಕೆ ಮೂರು ವಾರದ ಪ್ರಯೋಗಕ್ಕೆ ಮೊದಲು ‘ಕೊಂಡ ಹತ್ತರಲ್ಲಿ ನಾಲ್ಕು ಮನೆಯಾದರೂ ಮತ್ತೆ ಕೊಳ್ಳಬೇಕು’ ಎಂದು ಕ್ಯಾಲೆಂಡರಿನ ಹಿಂದೆ ಬರೆದು ದಿನಾಂಕ ಹಾಕಿಟ್ಟರೆ, ಆ ಒಂದು ಸಾಲು ಐದು ವರ್ಷದ ಲೆಕ್ಕಪತ್ರಕ್ಕಿಂತ ಹೆಚ್ಚು ಕೆಲಸ ಮಾಡೀತು.

ಉಪ್ಪಿನಕಾಯಿಯ ಉಪ್ಪು

ಹಾಗಾದರೆ ಆರಿಸುವುದು ಹೇಗೆ? ಮತ್ತೆ ಅಜ್ಜಿಯ ಅಡುಗೆಮನೆಗೇ ಹೋಗೋಣ. ಸಾರಿಗೆ ಉಪ್ಪು ಹಾಕುವಾಗ ಅಜ್ಜಿ ಅಳೆಯುವುದಿಲ್ಲ. ಕಣ್ಣಳತೆಯಲ್ಲಿ ಚಿಟಿಕೆ ಹಾಕಿ, ಸೌಟಿನಿಂದ ಅಂಗೈಗೆ ಬಿಟ್ಟು ನೆಕ್ಕಿ ನೋಡುತ್ತಾಳೆ. ಕಡಿಮೆಯಾದರೆ ಇನ್ನಷ್ಟು ಹಾಕುತ್ತಾಳೆ, ಹೆಚ್ಚಾದರೆ ನೀರು ಬೆರೆಸಿ ಹುಣಿಸೆ ಹಿಂಡುತ್ತಾಳೆ. ಅದೇ ಅಜ್ಜಿ ಮಿಡಿ ಉಪ್ಪಿನಕಾಯಿ ಹಾಕುವ ದಿನ ಬೇರೆ ಮನುಷ್ಯಳು. ಸೇರು ತೆಗೆದು ಮಿಡಿ ಅಳೆಯುತ್ತಾಳೆ, ಇಷ್ಟು ಮಿಡಿಗೆ ಇಷ್ಟು ಉಪ್ಪು ಎಂದು ಎಣಿಸಿ ಹಾಕುತ್ತಾಳೆ. ಒದ್ದೆ ಕೈಯವರು ಜಾಡಿಯ ಹತ್ತಿರ ಸುಳಿಯುವಂತಿಲ್ಲ. ತನ್ನ ಅತ್ತೆ ಹೇಗೆ ಹಾಕುತ್ತಿದ್ದಳೋ ಅದರಿಂದ ಕೂದಲೆಳೆಯಷ್ಟೂ ಸರಿಯುವುದಿಲ್ಲ.

ಸಾರು ತಪ್ಪನ್ನು ಆ ಕ್ಷಣವೇ ನಾಲಗೆಗೆ ಹೇಳುತ್ತದೆ, ತಿದ್ದಲು ಬಿಡುತ್ತದೆ. ಉಪ್ಪಿನಕಾಯಿ ತಿಂಗಳು ಕಳೆದ ಮೇಲೆ ಹೇಳುತ್ತದೆ, ಅಷ್ಟರಲ್ಲಿ ವರ್ಷದ ಮಿಡಿ ಹಾಳಾಗಿರುತ್ತದೆ, ಮರದಲ್ಲಿ ಬೇರೆ ಮಿಡಿ ಉಳಿದಿರುವುದಿಲ್ಲ. ದೋಸೆಹಿಟ್ಟು ಸಾರಿನ ಜಾತಿಯದು, ನೆಕ್ಕಿ ನೋಡುತ್ತ ಮಾಡಬಹುದು. ಸೇತುವೆ, ಲಸಿಕೆ, ಉಪಗ್ರಹ ಉಪ್ಪಿನಕಾಯಿಯ ಜಾತಿಯವು. ಲಸಿಕೆಯನ್ನು ಮೊದಲು ಕೆಲವೇ ಮಂದಿಗೆ, ಆಮೇಲೆ ನೂರಾರು, ಸಾವಿರಾರು ಮಂದಿಗೆ ಕೊಟ್ಟು ಹಂತ ಹಂತವಾಗಿ ಬಾಗಿಲು ತೆರೆಯುವುದು ಅದಕ್ಕೇ.

ಬಹಳಷ್ಟು ಹೊಸ ಉದ್ಯಮಗಳಲ್ಲಿ ಎರಡೂ ಬೆರೆತಿರುತ್ತವೆ. ಇರಿಡಿಯಮ್‌ನಲ್ಲಿ ಉಪಗ್ರಹ ಉಪ್ಪಿನಕಾಯಿ, ಗಿರಾಕಿ ಸಾರು. ಉಪಗ್ರಹಕ್ಕೆ ಅವರು ಸೇರು ಹಿಡಿದು ಅಳೆದರು, ಅದು ಸರಿಯೇ. ಸಾರನ್ನು ಯಾರೂ ನೆಕ್ಕಿ ನೋಡಲಿಲ್ಲ.

ಅಜ್ಜಿಯನ್ನು ಕೇಳಿದರೆ ಇಷ್ಟೆಲ್ಲ ಹೇಳುವುದಿಲ್ಲ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಒಳಕೋಣೆಯ ಮೂಲೆಗೆ ಸರಿಸಿ, ಕೈ ತೊಳೆದು ಬಂದು, ಒಲೆಯ ಮೇಲಿನ ಸಾರಿಗೆ ಚಿಟಿಕೆ ಉಪ್ಪು ಹಾಕಿ ಅಂಗೈ ಒಡ್ಡುತ್ತಾಳೆ.